ಇರ್ತಲೆ ಹಾವೂ ರಹಮತ್ ಖಾನನೂ

ಜೇವರ್ಗಿಯ ಸೀಮೆಯಲ್ಲಿ ನೇಗಿಲಿನ ಸಾಲಿನಿಂದ ಒಮ್ಮೊಮ್ಮೆ ಹೊರಬೀಳುವ, ಬಾಲವೂ ತಲೆಯಂತೆಯೇ ಮೊಂಡಾಗಿರುವ ಹಾವನ್ನು ಜನರು ಇರ್ತಲೆ ಹಾವೆಂದು ಕರೆಯುವರು. ಆರು ತಿಂಗಳು ಈ ತಲೆ, ಆರು ತಿಂಗಳು ಆ ತಲೆ ಅದನ್ನು ನಡೆಸುವುದೆಂದು ಹಿರಿಯರು ಪ್ರಮಾಣಪೂರ್ವಕವಾಗಿ ಹೇಳುವುದನ್ನು ನಾನು ಬಾಲ್ಯದಲ್ಲಿ ಕೇಳಿದ್ದುಂಟು. ವಸ್ತುತಃ ಆ ಬಡಜೀವಿಗೆ ಇರುವುದು ಒಂದೇ ತಲೆ. ಭಯಗೊಂಡಾಗ ಅದನ್ನು ಸುರುಳಿಯೊಳಗೆ ಅಡಗಿಸಿ, ಬಾಲವನ್ನು ಮುಂದೊಡ್ಡಿ, ಶತ್ರುವಿನ ಪೆಟ್ಟನ್ನು ಅದರ ಮೇಲೆ ಬೀಳಿಸಿಕೊಳ್ಳುವುದು ಅದರ ಉಪಾಯ.

ಯುದ್ಧಕಾಲದಲ್ಲಿ ಎರಡು ಪಕ್ಷಗಳಿಗೆ ಕೆಲಸಮಾಡಿದ ಗೂಢಚಾರರನ್ನು ಕುರಿತ ಲೋಕಾಭಿಪ್ರಾಯವೂ ಈ ಹಾವಿನ ಕಥೆಯಂತೆಯೇ ಇದೆ. ನಮ್ಮ ಕಡೆಯಲ್ಲಂತೂ ಅದಕ್ಕೆ ಕಾರಣವುಂಟು. 1948ರ ಸೆಪ್ಟೆಂಬರ್ 17ರವರೆಗೆ ಜೇವರ್ಗಿ ನಿಜಾಮನದು, ನೆರೆಯ ಸಿಂದಗಿ ಮುಂಬಯಿ ಪ್ರಾಂತದ್ದು. ರಜಾಕಾರರ ಹಾವಳಿಯ ದಿನಗಳಲ್ಲಿ ಗಡಿಯ ಎರಡೂ ಪಕ್ಕಗಳಲ್ಲಿ ಸುಳಿದಾಡುವವನನ್ನು 'ಈ ಕಡೀನೂ ಉಂಡವ, ಆ ಕಡೀನೂ ಉಂಡವ' ಎಂದು ಶಂಕಿಸುವುದು ಸ್ವಾಭಾವಿಕವಾಗಿತ್ತು. ಆದರೆ ಆ ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆದರೆ ಭಗತ್ ರಾಮ್ ತಲ್ವಾರನಂಥವನು ನಮ್ಮ ಕೈಗೆ ಸಿಕ್ಕಲಾರ.

ಆತನ ವಿಷಯದಲ್ಲಿ ಹಬ್ಬಿರುವ ಮೊದಲನೆಯ ತಪ್ಪು ಕಲ್ಪನೆಯೆಂದರೆ, ಸುಭಾಷಚಂದ್ರ ಬೋಸರನ್ನು ಕಾಬೂಲಿಗೆ ಕರೆದೊಯ್ಯುವಾಗಲೇ ಅವನು ಬ್ರಿಟಿಷರ ಮನುಷ್ಯನಾಗಿದ್ದನೆಂಬುದು. 1941ರ ಜನವರಿ 16ರ ನಡುರಾತ್ರಿ ಕಳೆದ ಮೇಲೆ ಕಲಕತ್ತೆಯ ಎಲ್ಗಿನ್ ರಸ್ತೆಯ ಮನೆಯಿಂದ ವಿಮೆಯ ಪ್ರತಿನಿಧಿ ಮಹಮ್ಮದ್ ಜಿಯಾವುದ್ದೀನನೆಂಬ ವೇಷದಲ್ಲಿ ಹೊರಬಿದ್ದು ಪೇಶಾವರವನ್ನು ಸೇರಿದ ಸುಭಾಷರನ್ನು ಮುಂದಕ್ಕೆ ಕರೆದೊಯ್ದವನು, ರಹಮತ್ ಖಾನನೆಂಬ ಪಠಾಣನಾಗಿ ವೇಷ ತೊಟ್ಟ ಈ ಭಗತ್ ರಾಮನೇ. ಸುಭಾಷರಿಗೆ ಪಷ್ತೋ ಭಾಷೆಯ ಒಂದಕ್ಷರವೂ ಬಾರದಿದ್ದ ಕಾರಣ ಅವರನ್ನು ಕಿವುಡ-ಮೂಗ ಬಂಧುವೆಂದು ಹೇಳಿಕೊಂಡು, ಹಿಮದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಚಹಾಪೆಟ್ಟಿಗೆ ಹೇರಿದ ಲಾರಿಯ ಮೇಲೆ ಕುಳಿತು, ಕಾಬೂಲಿನ ಸರಾಯಿಯೊಂದನ್ನು ತಲಪಿ, ಅನಂತರ ರೇಡಿಯೋ ವ್ಯಾಪಾರಿ ಉತ್ತಮಚಂದ ಮಲ್ಹೋತ್ರಾನ ಮನೆಯಲ್ಲಿ ಆಶ್ರಯ ದೊರಕಿಸಿ, ಇಟಲಿಯ ರಾಯಭಾರಿ ಕ್ವಾರೋನಿಯ ಬಳಿಗೆ ಎಡತಾಕಿದ ಆ ವಾರಗಳಲ್ಲಿ ದ್ರೋಹಕ್ಕೆ ಅವಕಾಶವಿಲ್ಲದಿರಲಿಲ್ಲ. ದ್ರೋಹ ಮಾತ್ರ ನಡೆಯಲಿಲ್ಲ. ಮಾರ್ಚ್ 18ರಂದು ಸುಭಾಷರು ಓರ್ಲಾಂಡೋ ಮಜ್ಜೊಟ್ಟಾ ಎಂಬ ಹೆಸರಿನ ಇಟಾಲಿಯನ್ ರಹದಾರಿಯೊಡನೆ ಹೊರಟರು. ಅವರು ಕಾಬೂಲಿನಲ್ಲಿರುವ ಸುಳಿವು ಬ್ರಿಟಿಷರಿಗೆ ದೊರೆತದ್ದು ಇಟಲಿಯ ಗುಪ್ತ ತಂತಿಸಂದೇಶಗಳನ್ನು ಕದ್ದೋದಿದ್ದರಿಂದಲೇ ಹೊರತು ರಹಮತ್ ಖಾನನ ಬಾಯಿಂದಲ್ಲ. ಈತನ ಅಣ್ಣತಮ್ಮಂದಿರಲ್ಲೊಬ್ಬನಾದ ಹರಿಕಿಶನನು ಪಂಜಾಬಿನ ಗವರ್ನರನ ಮೇಲೆ ಗುಂಡುಹಾರಿಸಿ 1931ರಲ್ಲಿ ಗಲ್ಲಿಗೇರಿದವನೆಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಹಣಕ್ಕಾಗಿ ಪಕ್ಷ ಬದಲಿಸಿದನೇ? ಬಹುಜನರ ನಂಬಿಕೆ ಹೀಗೆಯೇ ಇದೆ. ಇಟಲಿಯವರಿಂದಲೂ ಜರ್ಮನರಿಂದಲೂ ಅವನು ಧಾರಾಳವಾಗಿ ಹಣ ಪಡೆದದ್ದು ಸುಳ್ಳಲ್ಲ. ಜರ್ಮನರು ನಿಸ್ತಂತು ಯಂತ್ರವನ್ನಿತ್ತರು, ಐರನ್ ಕ್ರಾಸ್ ಪದಕವನ್ನೂ ದಯಪಾಲಿಸಿದರು. ಆದರೆ ಅವನು ಮನಸಾ ಕಮ್ಯೂನಿಸ್ಟನು. 1941ರ ಜೂನ್ 22ರಂದು ಹಿಟ್ಲರನು ರಷ್ಯದ ಮೇಲೆ ಬಿದ್ದೊಡನೆ, ನಿನ್ನೆಯವರೆಗೆ ಬ್ರಿಟಿಷರ ಶತ್ರುವೆಂಬ ಕಾರಣದಿಂದ ಮಿತ್ರನಾಗಿದ್ದ ಜರ್ಮನಿ ಅವನ ಪಾಲಿಗೆ ಶತ್ರುವಾಯಿತು. ಅವನು ಸೋವಿಯತ್ತರಿಗೆ ತನ್ನನ್ನು ಒಪ್ಪಿಸಿಕೊಂಡನು. ಮುಂದೆ ಅವರ ಸಮ್ಮತಿಯಿಂದ ಬ್ರಿಟಿಷರಿಗೂ ಕೆಲಸಮಾಡಿದನು. ಅವನ ವಾರ್ತೆಗಳು ಜಪಾನೀಯರನ್ನೂ ಮುಟ್ಟಿದವು. ಹೀಗೆ ಹೆಡೆಗಳು ಐದಾಗಿ ಕಂಡರೂ ಸುರುಳಿಯೊಳಗಿನ ತಲೆ ಒಂದೇ ಆಗಿತ್ತೆಂಬುದು ನನ್ನ ಎಣಿಕೆ.

ಸಿನಿಮಾದ ಮೋಹಕ ಗೂಢಚಾರನನ್ನು ಇಲ್ಲಿ ಹುಡುಕುವವರಿಗೆ ನಿರಾಶೆಯೇ ಗತಿ. ದೆಹಲಿಯಲ್ಲಿ ಇವನನ್ನು 'ಸಿಲ್ವರ್' ಎಂಬ ಗುಪ್ತನಾಮದಿಂದ ನಡೆಸಿದ ಪೀಟರ್ ಫ್ಲೆಮಿಂಗನು ಜೇಮ್ಸ್ ಬಾಂಡನ ಸೃಷ್ಟಿಕರ್ತ ಇಯಾನ್ ಫ್ಲೆಮಿಂಗನ ಅಣ್ಣನಾಗಿದ್ದದ್ದು ವಿಧಿಯ ವಿನೋದವಷ್ಟೆ. ಸಿಲ್ವರನ ಕಸುಬೆಲ್ಲ ಪೇಶಾವರಕ್ಕೂ ಕಾಬೂಲಿಗೂ ಮತ್ತೆ ಮತ್ತೆ ನಡೆಯುವುದು, ಇಲ್ಲದ ಕ್ರಾಂತಿಸಮಿತಿಗಳನ್ನು ಇವೆಯೆಂದು ಹೇಳುವುದು, ಹೇಳಿದ ಸುಳ್ಳನ್ನು ಮರೆಯದಿರುವುದು. ಸ್ಪೇನಿನ ಹುವಾನ್ ಪುಜೋಲ್ ಎಂಬುವನೂ, 'ಗಾರ್ಬೋ' ಎಂಬ ಗುಪ್ತನಾಮದಲ್ಲಿ, ಎರಡು ಡಜನಿಗೂ ಮಿಗಿಲಾದ ಕಾಲ್ಪನಿಕ ಸಹಾಯಕರನ್ನು ಸೃಷ್ಟಿಸಿ, 1944ರ ನಾರ್ಮಂಡಿ ದಾಳಿಯ ವೇಳೆ ಜರ್ಮನರನ್ನು ಮೋಸಗೊಳಿಸಿದ್ದು ಲೇಖನಿಯ ಬಲದಿಂದಲೇ.

ಇಷ್ಟು ಹೇಳಿದ ಮಾತ್ರಕ್ಕೆ ಭಗತ್ ರಾಮನನ್ನು ನಿಷ್ಕಳಂಕನೆಂದು ಪೀಠಕ್ಕೇರಿಸುವುದೂ ಇನ್ನೊಂದು ತಪ್ಪು ಕಲ್ಪನೆಯಾದೀತು. ಬರ್ಲಿನ್ನಿನಲ್ಲಿದ್ದ ಸುಭಾಷರು, ತಮ್ಮನ್ನು ಹಿಮದಲ್ಲಿ ದಾಟಿಸಿದ ಸಂಗಾತಿಯನ್ನು ಭಾರತದೊಳಗಿನ ತಮ್ಮ ಆಪ್ತ ಪ್ರತಿನಿಧಿಯೆಂದೇ ಭಾವಿಸಿದ್ದರು. ಆ ಸಂಗಾತಿ ಕಳುಹಿಸುತ್ತಿದ್ದ ವಾರ್ತೆಗಳು ಬ್ರಿಟಿಷರ ಮೇಜಿನ ಮೇಲೆ ಹೆಣೆದಂಥವು. 1941ರ ಜನವರಿಯಲ್ಲಿ ಮಾಡದಿದ್ದ ವಂಚನೆ ಅನಂತರದ ವರ್ಷಗಳಲ್ಲಿ ನಡೆದೇ ನಡೆಯಿತು. ಸಿದ್ಧಾಂತನಿಷ್ಠೆಯಿಂದ ನಡೆದದ್ದೆಂಬ ಕಾರಣಕ್ಕೆ ಅದರ ಕಹಿ ಕಡಮೆಯಾಗುವುದೆಂದು ನನಗೆ ತೋರದು.

ಅವನು 1983ರಲ್ಲಿ ತೀರಿಕೊಂಡನು. ಅದಕ್ಕೆ ಏಳು ವರ್ಷ ಮುನ್ನ, 1976ರಲ್ಲಿ, ತನ್ನ ಕಥೆಯನ್ನು ಇಂಗ್ಲಿಷಿನಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ್ದನು. ಅದರ ಹೊದಿಕೆಯ ಮೇಲೆ ಪಠಾಣ ನಾಡಿನ ತಲ್ವಾರರ ಹೆಸರಿದೆ, ಸುಭಾಷಚಂದ್ರರ ಮಹಾಪಲಾಯನದ ಹೆಸರಿದೆ, ಸಿಲ್ವರನ ಹೆಸರಿಲ್ಲ.