ಚಿಕಲಠಾಣಾದ ಒಲೆಯ ಮೇಲೆ ಪನ್ನೀರು

ಬೆಳಿಗ್ಗೆ ಏಳಕ್ಕೇ ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಷ್ಟರೊಳಗೆ ದೊಡ್ಡವ್ವ ಗುಲ್‌ಮಂಡಿ ಕಡೆಯಿಂದ ಹೂ ತಂದಾಗಿತ್ತು. ಅಡುಗೆಮನೆಯ ನೆಲಕ್ಕೆ ಒದ್ದೆ ಪಂಚೆ ಹಾಸಿ ಗುಲಾಬಿ ಸುರಿದಿದ್ದಳು. ಇಲ್ಲಿಯವರು ಗಾವಠೀ ಗುಲಾಬ್ ಎನ್ನುವ ನಾಟಿ ಹೂ. ಮುಟ್ಟಿದರೆ ಸಾಕು, ಎಸಳು ಉದುರುತ್ತವೆ. ಬಿಸಿಲು ಏರುವ ಮುಂಚೆ ಕಿತ್ತ ಹೂವಿಗಷ್ಟೇ ಪೂರ್ತಿ ಪರಿಮಳ.

ದೊಡ್ಡಪ್ಪನಿಗೆ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಾಗ ಕಲಬುರಗಿ ಬಿಟ್ಟು ಬಂದವಳು ದೊಡ್ಡವ್ವ. ಬೀದಿಗೆ ಮರಾಠಿ, ಒಲೆಯ ಮುಂದೆ ಕನ್ನಡ. ಪ್ರತಿ ಚೈತ್ರದಲ್ಲೂ ಮನೆಗೆ ಬೇಕಾದ ಪನ್ನೀರನ್ನು ಅವಳೇ ಇಳಿಸುತ್ತಾಳೆ. ಈ ಸಲ ತಂಗಿಯ ಮದುವೆ ಇದ್ದುದರಿಂದ ಎರಡು ಪಾತ್ರೆಯ ಕೆಲಸ.

ದೊಡ್ಡ ಪಾತ್ರೆಯ ನಡುವೆ ತೊಳೆದ ಕಲ್ಲೊಂದು. ಕಲ್ಲಿನ ಮೇಲೆ ಸ್ಟೀಲ್ ಬಟ್ಟಲು. ಸುತ್ತಲೂ ಎಸಳು, ಎಸಳು ಮುಳುಗುವಷ್ಟೇ ನೀರು. ಬಟ್ಟಲಿನ ತಳಕ್ಕೆ ನೀರು ತಾಗಬಾರದು. ಮೇಲೆ ಮುಚ್ಚಳವನ್ನು ಬೋರಲು ಇಡುತ್ತಾಳೆ, ಅದರ ಹಿಡಿಕೆ ನೇರ ಬಟ್ಟಲಿನತ್ತ ಇಳಿಯುವಂತೆ. ಅಂಚಿಗೆ ಗೋಧಿ ಕಣಕ ಮೆತ್ತಿ ಹಬೆ ಹೋಗುವ ದಾರಿ ಕಟ್ಟುತ್ತಾಳೆ. ಕನೌಜಿನ ಅತ್ತರಿನವರು ತಾಮ್ರದ ದೇಗ್ ಹಂಡೆಗೆ ಮಣ್ಣು ಮೆತ್ತುವುದೂ ಇದಕ್ಕೇ. ಕೊನೆಗೆ, ಬೋರಲು ಮುಚ್ಚಳದ ಗುಳಿಯಲ್ಲಿ ಮಂಜುಗಡ್ಡೆ.

“ತಮ್ಮಾ, ಉರಿ ಸಣ್ಣದ ಇರ್ಲಿ. ಅವಸರ ಮಾಡಿದ್ರ ಪನ್ನೀರ ಬರೂದಿಲ್ಲ, ಹೂ ಬೇಯಿಸಿದ ನೀರ ಬರ್ತದ.”

ಒಳಗೆ ನಡೆಯುವುದನ್ನು ನೆನೆದರೆ ನನಗೆ ಇಂದಿಗೂ ಬೆರಗು. ಗುಲಾಬಿಯ ಪರಿಮಳದ್ರವ್ಯಗಳು ಒಂಟಿಯಾಗಿ ಕುದಿಯಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ನೀರಿನ ಜೊತೆ ಸೇರಿದರೆ ಎರಡರ ಆವಿಯ ಒತ್ತಡವೂ ಕೂಡುತ್ತದೆ. 100 ಡಿಗ್ರಿ ಮುಟ್ಟುವ ಮುನ್ನವೇ ಅವು ಹಬೆಯ ಬೆನ್ನೇರಿ ಹೊರಡುತ್ತವೆ. ತಣ್ಣನೆಯ ಮುಚ್ಚಳ ತಾಗಿದ್ದೇ ತಡ ಹಬೆ ಮತ್ತೆ ನೀರು. ಆ ನೀರು ಇಳಿಜಾರಿನಲ್ಲಿ ಹರಿದು ಹಿಡಿಕೆಯ ತುದಿಗೆ ಬಂದು ನಿಂತು, ತೂಕ ಹೆಚ್ಚಿ, ಬಟ್ಟಲಿಗೆ ಬೀಳುತ್ತದೆ. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಟಪ್. ದೊಡ್ಡವ್ವ ಮುಚ್ಚಳ ತೆಗೆದು ನೋಡುವುದಿಲ್ಲ, ಕಿವಿಯಿಂದಲೇ ಅಳೆಯುತ್ತಾಳೆ. ಹನಿಗಳ ನಡುವಿನ ಬಿಡುವು ಕಿರಿದಾದರೆ ಒಲೆಯ ಕಿವಿ ಹಿಂಡುತ್ತಾಳೆ.

ಈಗ ಇದನ್ನು ಹೈಡ್ರೋಸಾಲ್ ಎಂದು ಕರೆದು, ಸುಗಂಧತೈಲ ತೆಗೆದ ಮೇಲೆ ಉಳಿಯುವ ಉಪ ಉತ್ಪನ್ನ ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಗುಲಾಬಿಯ ಮಟ್ಟಿಗಂತೂ ನೀರೇ ಹಿರಿಯದು. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರು ಮಾಡುತ್ತಿದ್ದಾಗ, ಪಾತ್ರೆಗೆ ಸುರಿದ ಬಿಸಿ ಪನ್ನೀರಿನ ಮೇಲೆ ಕೆನೆಯಂತೆ ತೇಲಿದ್ದನ್ನು ಕಂಡು ಎತ್ತಿಟ್ಟಳೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದಕ್ಕೆ ಜಹಾಂಗೀರಿ ಅತ್ತರ್ ಎಂದು ಹೆಸರಿಟ್ಟವಳು ಸಲೀಮಾ ಸುಲ್ತಾನ್ ಬೇಗಂ. ಅತ್ತರು ಸಿಕ್ಕಿದ್ದೇ ಪನ್ನೀರಿನ ಮೇಲೆ. ಮತ್ತೂ ಒಂದು ಮಾತು: ಗುಲಾಬಿಯ ಕಂಪಿಗೆ ಮುಖ್ಯವಾದ ಫೆನೈಲ್ ಈಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುತ್ತದೆ. ಹಬೆಯಲ್ಲಿ ಇಳಿಸಿದ ಎಣ್ಣೆಗೆ ಅದರ ಪಾಲು ಕಡಿಮೆ, ನೀರಿಗೇ ಹೆಚ್ಚು. ಒಳ್ಳೆಯ ಪನ್ನೀರು ಮೂಗಿಗೆ ಹಿಡಿದರೆ ಗಿಡದ ಮೇಲಿನ ಹೂವೇ ನೆನಪಾಗುವುದು ಅದಕ್ಕೆ. 1916ರಲ್ಲಿ, ಯುದ್ಧದಿಂದಾಗಿ ಜರ್ಮನಿಯ ಮಾರುಕಟ್ಟೆ ಮುಚ್ಚಿದಾಗ, ಮೈಸೂರು ಸಂಸ್ಥಾನ ಶ್ರೀಗಂಧದ ಎಣ್ಣೆ ಇಳಿಸಲು ತೊಡಗಿದ್ದೂ ಇದೇ ಹಬೆ, ಇದೇ ತಂಪನ್ನು ನಂಬಿ. ಅಲ್ಲಿ ಎಣ್ಣೆಗೆ ಬೆಲೆ. ಇಲ್ಲಿ ಬಟ್ಟಲಿನ ನೀರಿಗೆ.

ಮಂಜು ಕರಗಿದಂತೆಲ್ಲ ದೊಡ್ಡವ್ವ ಸೌಟಿನಿಂದ ತೋಡಿ ಬಕೆಟ್ಟಿಗೆ ಹಾಕುತ್ತಾಳೆ, ಹೊಸ ಗಡ್ಡೆ ಇಡುತ್ತಾಳೆ. ಒಂದು ತೊಟ್ಟೂ ಮೋರಿಗೆ ಹೋಗುವುದಿಲ್ಲ. ಪೈಠಣದ ಜಾಯಕವಾಡಿ ಅಣೆಕಟ್ಟಿನಲ್ಲಿ ಕಡಲಿನಂಥ ನೀರಿದ್ದರೂ ಈ ಊರಿನ ನಲ್ಲಿಗೆ ದಿನಗಟ್ಟಲೆ ಕಾಯಬೇಕು. ಮಲಿಕ್ ಅಂಬರ್ ನೆಲದಡಿಯ ಕಾಲುವೆಯಲ್ಲಿ ನೀರು ತಂದ ಊರಿದು. ಕರಗಿದ ಮಂಜು ಪಾತ್ರೆ ತೊಳೆಯುವುದಕ್ಕೆ, ಪಾತ್ರೆ ತೊಳೆದದ್ದು ಕರಿಬೇವಿಗೆ.

ಮುಕ್ಕಾಲು ಗಂಟೆ ಕಳೆದಿರಬೇಕು. ಬಾಗಿ ಮೂಸಿದವಳೇ ಒಲೆ ಆರಿಸಿದಳು. ಕಂಪಿನೊಳಗೆ ಬೆಂದ ಸೊಪ್ಪಿನ ವಾಸನೆ ಇಣುಕಿದರೆ ಅಲ್ಲಿಗೆ ನಿಲ್ಲಿಸಬೇಕು; ಇನ್ನೊಂದು ಬಟ್ಟಲಿನ ಆಸೆಗೆ ಮೊದಲಿನದನ್ನೂ ಕೆಡಿಸಿಕೊಳ್ಳಬಾರದು. ಎಸಳುಗಳು ಬಣ್ಣ ಬಿಟ್ಟು ಬೂದಿ ಬೂದಿ. ಬಟ್ಟಲಲ್ಲಿದ್ದದ್ದು ತಿಳಿನೀರು, ಬಣ್ಣವೇ ಇಲ್ಲ. ಅಂಗಡಿಯ ಗುಲಾಬಿ ಬಣ್ಣದ ಬಾಟಲಿಗೆ ಒಗ್ಗಿದವರು ಇದನ್ನು ನಂಬುವುದು ಕಷ್ಟ. ಹೂವಿನ ಬಣ್ಣ ಹಬೆಯೇರಿ ಬರುವುದಿಲ್ಲ. ಆ ಬಣ್ಣ ಹೊರಗಿನಿಂದ ಹಾಕಿದ್ದು.

ಕುದಿಸಿ ಒಣಗಿಸಿದ ಕಂದು ಬಾಟಲಿಗಳು ಸಾಲಾಗಿ ಕಾಯುತ್ತಿದ್ದವು. ಬೆಳಕು, ಬಿಸಿ, ಕೊಳೆಬೆರಳು, ಮೂರೂ ಇದಕ್ಕೆ ಶತ್ರು. ಫ್ರಿಜ್ಜಿನಲ್ಲಿಟ್ಟರೆ ಕೆಲವು ತಿಂಗಳು ಬಾಳುತ್ತದೆ. ನೂಲಿನಂಥದ್ದು ತೇಲಿತೋ, ಚೆಲ್ಲಬೇಕು. ಮೊಮ್ಮಗನ ಬೆವರುಸಾಲೆಗೆ ಹತ್ತಿಯಲ್ಲಿ ಅದ್ದಿ ಒತ್ತುತ್ತಾಳೆ, ಪಾಯಸಕ್ಕೆ ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ, ಗಂಧ ತೇಯುವ ಸಾಣೆಗೆ ಎರಡು ಹನಿ. ಕಣ್ಣಿಗೆ ಮಾತ್ರ ಬಿಡಗೊಡುವುದಿಲ್ಲ. ಮನೆಯ ನೀರು ಎಷ್ಟೇ ಶುದ್ಧ ಎಂದರೂ ಔಷಧಿಯಷ್ಟು ಶುದ್ಧವಲ್ಲ.

ದವನದ ಹುಣ್ಣಿಮೆಗೆ ದವನವನ್ನೂ ಹೀಗೆ ಇಳಿಸುವುದುಂಟಂತೆ. ಸಣ್ಣ ಬಾಟಲಿಯೊಂದನ್ನು ಮೂಗಿಗೆ ಹಿಡಿದಳು: ಮಾಗಿದ ಹಣ್ಣಿನ ವಾಸನೆ, ಹಿಂದೆಯೇ ಸವದತ್ತಿಯ ಎಲ್ಲಮ್ಮನ ಗುಡ್ಡದ ನೆನಪು. ಊರ ಕಡೆಯ ಮಾತು ಬಂತು. ಸೂಫಿ ಸಂತ ಬಂದೇ ನವಾಜರ ತಂದೆಯ ಗೋರಿ ಇಲ್ಲೇ ಖುಲ್ದಾಬಾದಿನಲ್ಲಿದೆ, ಮಗನದು ನಮ್ಮ ಕಲಬುರಗಿಯಲ್ಲಿ. “ಈ ದಾರಿ ನಮಗ ಹೊಸದಲ್ಲ ಬಿಡು” ಅಂದಳು.

ರಾತ್ರಿ ಬಸ್ಸಿಗೆ ಮದುವೆಯ ಎರಡು ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಸೊಲ್ಲಾಪುರ ಬಂದಾಗ ಬಟ್ಟೆ ಒಣಗಿರುತ್ತದೆ, ಮತ್ತೆ ನೆನೆಸಬೇಕು. ಬೆಳ್ಳಿಯ ಪನ್ನೀರುದಾನಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಒಳಗೆ ಒಂದು ಸಲ ಬಿಸಿನೀರು ಆಡಿಸಿ, ಆರಿದ ಮೇಲೆಯೇ ತುಂಬಬೇಕು. ಮೂರು ಸಲ ಹೇಳಿದಳು. ಬಸ್ಸು ಹೊರಟ ಮೇಲೆ ಫೋನ್ ಮಾಡಿ ನಾಲ್ಕನೆಯ ಸಲವೂ ಹೇಳಿದಳು.