ತೂರಿದ ದೂಳು ಎಲ್ಲಿಗೆ ಹೋಗುತ್ತದೆ?

ಕಣದಲ್ಲಿ ರಾಗಿ ತೂರುವ ಕೆಲಸವನ್ನು ಗಮನವಿಟ್ಟು ನೋಡಿದರೆ ಗಾಳಿಯ ಸ್ವಭಾವ ಅರ್ಥವಾಗುತ್ತದೆ. ಮೊರ ತಲೆಯ ಮೇಲಕ್ಕೆ ಏರುತ್ತದೆ, ಮೆಲ್ಲಗೆ ಅಲುಗುತ್ತದೆ. ಕಾಳು ನೇರವಾಗಿ ಕಾಲಬುಡಕ್ಕೆ ಸುರಿಯುತ್ತದೆ, ಹೊಟ್ಟು ಮಾರು ದೂರ ಹೋಗಿ ಬೀಳುತ್ತದೆ, ಸುಂಕು ಮಾತ್ರ ಕಣ್ಣಿಗೆ ಕಾಣದ ಹಾಗೆ ತೇಲಿಹೋಗುತ್ತದೆ. ಅದು ಹೋಗುವ ದಿಕ್ಕಿನಲ್ಲಿ ತಿಳಿದವರು ಯಾರೂ ನಿಲ್ಲುವುದಿಲ್ಲ. ಗಾಳಿ ಯಾವುದನ್ನೂ ಇಲ್ಲವಾಗಿಸುವುದಿಲ್ಲ, ಭಾರವಾದುದನ್ನು ಹತ್ತಿರಕ್ಕೂ ಹಗುರಾದುದನ್ನು ದೂರಕ್ಕೂ ಹಾಕುತ್ತದೆ, ಅಷ್ಟೆ. ‘ನಮ್ಮದು ಬಯಲುಸೀಮೆ, ಗಾಳಿಗೇನು ಬರ, ಇಲ್ಲೆಲ್ಲಿಯ ವಾಯುಮಾಲಿನ್ಯ’ ಎಂದು ನಂಬಿರುವ ಚಿತ್ರದುರ್ಗ ಜಿಲ್ಲೆಯ ನಾವೆಲ್ಲ ಈ ಕಣದ ಪಾಠವನ್ನು ಮತ್ತೆ ನೆನೆಯಬೇಕಾಗಿದೆ. ನಮ್ಮ ಉಸಿರಿಗೂ ಒಂದು ಪಂಚಾಂಗವಿದೆ. ಆಷಾಢದ ಗಾಳಿಯನ್ನು ಮಾತ್ರ ನೋಡಿ ಇಡೀ ವರ್ಷದ ತೀರ್ಪು ಕೊಟ್ಟರೆ ಉಳಿದ ತಿಂಗಳುಗಳ ಕೆಡುಕು ಕಾಣುವುದೇ ಇಲ್ಲ.

ಆಷಾಢದ ಗಾಳಿಯ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟ ದಾಟಿ ಬರುವ ಮುಂಗಾರು ಮಾರುತ ತನ್ನ ನೀರಿನ ಬಹುಪಾಲನ್ನು ಮಲೆನಾಡಿನಲ್ಲೇ ಸುರಿದು, ನಮ್ಮಲ್ಲಿಗೆ ಬರುವ ಹೊತ್ತಿಗೆ ಬೀಸುವ ಬಲವನ್ನಷ್ಟೇ ಉಳಿಸಿಕೊಂಡಿರುತ್ತದೆ. ಜೋಗಿಮಟ್ಟಿಯ ಸುತ್ತಿನಲ್ಲೂ ಹೊಳಲ್ಕೆರೆ, ಹೊಸದುರ್ಗದ ಗುಡ್ಡಸಾಲುಗಳಲ್ಲೂ ಗಾಳಿಯಂತ್ರಗಳು ನಿಂತಿರುವುದು ಈ ಬಲವನ್ನು ನಂಬಿಯೇ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಗಂಗೆಯ ಕೊಳದ ಬಳಿ ಪ್ರಸಾದಕ್ಕೆ ಕಾಯುವ ಭಕ್ತರಿಗೆ ಆ ತಿಂಗಳುಗಳಲ್ಲಿ ಸಿಗುವ ಉಸಿರು ನಿಜಕ್ಕೂ ಹಗುರವಾದದ್ದು. ಹಿಮಾಲಯದ ತಪ್ಪಲಿನ ಡೆಹ್ರಾಡೂನ್‌ನ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದು ಕಡೆ ಹಿಮಾಲಯ, ಇನ್ನೊಂದು ಕಡೆ ಶಿವಾಲಿಕ್ ಬೆಟ್ಟಗಳಿರುವ ಆ ಕಣಿವೆ ಒಂದು ಬೋಗುಣಿಯಂತೆ. ಗಾಳಿ ಆಡುವುದು ಕಡಿಮೆ, ಆದರೆ ವರ್ಷಕ್ಕೆ 2,000 ಮಿ.ಮೀ. ಮೀರಿ ಸುರಿಯುವ ಮಳೆ ಆಕಾಶವನ್ನು ತೊಳೆಯುತ್ತದೆ. ಮಳೆನೆರಳಿನಲ್ಲಿರುವ ನಮಗೆ ಅದರ ಮೂರನೆಯ ಒಂದು ಪಾಲೂ ಸಿಗುವುದು ಕಷ್ಟ. ಅವರಿಗೆ ತೊಳೆಯುವ ಮಳೆಯಿದೆ, ನಮಗೆ ಗುಡಿಸುವ ಗಾಳಿಯಿದೆ. ಗುಡಿಸುವ ಪೊರಕೆ ಮೂಲೆ ಸೇರಿದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ದೀಪಾವಳಿ ಕಳೆದ ಮೇಲೆ ಅದು ಮೂಲೆ ಸೇರುತ್ತದೆ. ಚಳಿಗಾಲದ ರಾತ್ರಿ ಆಕಾಶದಲ್ಲಿ ಮೋಡವಿಲ್ಲದೆ ನೆಲದ ಬಿಸಿ ಬೇಗ ಆರಿಹೋಗುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ಬೆಳಗಿನ ಬಿಸಿಲು ಏರುವವರೆಗೂ ಕೆಳಗಿನದು ಮೇಲೆ ಹೋಗದು. ಮುಂಜಾನೆ ಊರಿನ ಮೇಲೆ ಹೊಗೆ ಹಾಸಿದ ಚಾಪೆಯಂತೆ ನಿಂತಿರುವುದು ಇದೇ ಕಾರಣಕ್ಕೆ. ಸರಿಯಾಗಿ ಅದೇ ಹೊತ್ತಿಗೆ, ಅಡುಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲೂ ಸ್ನಾನದ ನೀರಿಗೆ ಹಂಡೆಯ ಒಲೆ ಹೊತ್ತಿಕೊಳ್ಳುತ್ತದೆ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದು ಅಡಿಕೆ ಸುಲಿದು ಬೇಯಿಸುವ ಕಾಲವೂ ಹೌದು. ರಸ್ತೆಬದಿಗೆ ಸುರಿದ ಅಡಿಕೆ ಸಿಪ್ಪೆಗೆ ಕಿಡಿ ತಗುಲಿದರೆ ಉರಿ ಕಾಣುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಹೊಸದುರ್ಗದ ತೋಟಗಳಲ್ಲಿ ತೆಂಗಿನ ಗರಿಯ ರಾಶಿಗೂ ಬೆಂಕಿ ಬೀಳುತ್ತದೆ. ಈ ಹೊಗೆ ಯಾವುದೂ ಹೊಸದಲ್ಲ. ಮುಚ್ಚಳ ಮುಚ್ಚಿದ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ಸೇರುವುದೇ ಅಪಾಯ.

ಬೇಸಿಗೆಯಲ್ಲಿ ಮುಚ್ಚಳ ತೆರೆದುಕೊಳ್ಳುತ್ತದೆ, ಆದರೆ ನೆಲವೇ ಮೇಲೇಳುತ್ತದೆ. ಪೈರಿಲ್ಲದ ಹೊಲ, ಬತ್ತಿದ ಕೆರೆಯಂಗಳ, ಜಲ್ಲಿ ಕ್ರಷರ್, ಅದಿರು ಸಾಗಿಸುವ ದಾರಿ, ಚಿತ್ರದುರ್ಗ–ಹಿರಿಯೂರಿನ ಮೂಲಕ ಹಗಲಿರುಳೂ ಲಾರಿಗಳು ಓಡುವ 48ನೇ ರಾಷ್ಟ್ರೀಯ ಹೆದ್ದಾರಿ, ಎಲ್ಲವೂ ಮಧ್ಯಾಹ್ನದ ಸುಂಟರಗಾಳಿಗೆ ದೂಳು ಒದಗಿಸುತ್ತವೆ. ಇದಕ್ಕೆ ಕೇಳಿಬರುವ ಮೊದಲ ಆಕ್ಷೇಪ, ಮಣ್ಣಿನ ದೂಳು ಅನಾದಿಯಿಂದಲೂ ಇದೆ, ನಮ್ಮ ಹಿರಿಯರು ಅದರಲ್ಲೇ ಬಾಳಿದರಲ್ಲ ಎಂಬುದು. ಮಾತು ಅರ್ಧ ಸತ್ಯ. ಎತ್ತಿನಗಾಡಿಯ ಚಕ್ರ ಎಬ್ಬಿಸಿದ ದೂಳಿನ ಬಹುಪಾಲು ಕಾಳಿನಂತೆ, ಹತ್ತಿರದಲ್ಲೇ ಬೀಳುತ್ತಿತ್ತು. ಒಂದೇ ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳ ಟೈರು ಆ ಮಣ್ಣನ್ನು ಅರೆದು ಹಿಟ್ಟು ಮಾಡುತ್ತದೆ, ಅದಕ್ಕೆ ಡೀಸೆಲ್ ಮಸಿಯೂ ಸೇರುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣ ಉಸಿರಿನ ಜೊತೆ ಒಳಗಿಳಿಯುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟಿರುವುದು, ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಅದೇ ನಮ್ಮ ಕಾಲದ ಸುಂಕು.

ಎರಡನೆಯ ಆಕ್ಷೇಪ, ನಾವೇನು ದೆಹಲಿಯೇ ಎಂಬುದು. ಅಲ್ಲ, ಹೋಲಿಕೆಯೂ ಬೇಡ. ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ, ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿಯ ಜೊತೆ ನಮ್ಮ ಪಕ್ಕದ ದಾವಣಗೆರೆಯೂ ಸೇರಿದೆ. ಗಾಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಎರಡೂವರೆ ಮೈಕ್ರಾನ್ ಕಣಗಳಿಗೆ ನಮ್ಮ ದೇಶ ಇಟ್ಟುಕೊಂಡಿರುವ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಕೇವಲ 5. ಈ ಎರಡು ಅಂಕಿಗಳ ನಡುವಿನ ಗಾಳಿಯನ್ನು ಕಾನೂನು ಒಪ್ಪಬಹುದು, ಶ್ವಾಸಕೋಶ ಒಪ್ಪಲಾರದು. ಸರಾಸರಿ ಇನ್ನೊಂದು ಮೋಸವನ್ನೂ ಮಾಡುತ್ತದೆ. ಆಷಾಢದ ಒಳ್ಳೆಯ ದಿನಗಳು ಪುಷ್ಯಮಾಸದ ಕೆಟ್ಟ ಬೆಳಗುಗಳನ್ನು ಮರೆಮಾಡುತ್ತವೆ. ಅಳೆಯುವ ಯಂತ್ರಗಳು ಬಹುಮಟ್ಟಿಗೆ ನಗರಗಳಲ್ಲೇ ಇರುವುದರಿಂದ ಹಳ್ಳಿಯ ಹೊಗೆ ಲೆಕ್ಕಕ್ಕೇ ಸಿಗುವುದಿಲ್ಲ.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು, ಅದನ್ನು ಗೌರವದಿಂದಲೇ ಕೇಳಬೇಕು. ಗಣಿ, ಲಾರಿ, ಕ್ರಷರ್ ನಿಂತರೆ ಅನ್ನಕ್ಕೆ ದಾರಿ ಯಾವುದು? 1985ರಲ್ಲಿ ಸುಪ್ರೀಂ ಕೋರ್ಟ್ ಡೆಹ್ರಾಡೂನ್ ಇರುವ ಅದೇ ಡೂನ್ ಕಣಿವೆಯ ಹಲವು ಸುಣ್ಣಕಲ್ಲು ಗಣಿಗಳನ್ನು ಮುಚ್ಚಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. 2011ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ನಮ್ಮಲ್ಲೂ ಎದ್ದಿತು. ಆದರೆ ಇಲ್ಲಿ ಬಾಗಿಲು ಶಾಶ್ವತವಾಗಿ ಮುಚ್ಚಲಿಲ್ಲ. 2013ರಲ್ಲಿ ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಬಂತು, ಮುಂದೆ 70 ಲಕ್ಷಕ್ಕೆ ಏರಿದ ಅದು 2022ರಲ್ಲಿ 150 ಲಕ್ಷ ಟನ್ನಿಗೆ ಮುಟ್ಟಿತು. ಅಗೆಯುವ ಮಿತಿ ಏರುವಾಗ ಟಾರ್ಪಾಲು ಬಿಗಿಯುವ, ದಾರಿಗೆ ನೀರು ಚಿಮುಕಿಸುವ, ಶಾಲೆಯ ಹೊತ್ತಿನಲ್ಲಿ ಲಾರಿ ತಡೆಯುವ ಎಚ್ಚರವೂ ಅದೇ ಅಳತೆಯಲ್ಲಿ ಏರಬೇಕು. ಕೆಲಸ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆ ದೂಳನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಅದೇ ಕೆಲಸ ಮಾಡುವವರು.

ಆದ್ದರಿಂದ ನಮಗೆ ಬೇಕಾಗಿರುವುದು ಋತು ನೋಡಿ ನಡೆಯುವ ವ್ಯವಸ್ಥೆ. ಕಾರ್ತಿಕದಿಂದ ಮಾಘದವರೆಗೆ ಅಡಿಕೆ ಸಿಪ್ಪೆಗೂ ತೆಂಗಿನ ಗರಿಗೂ ಬೆಂಕಿ ಬೀಳದಂತೆ ಗ್ರಾಮ ಪಂಚಾಯಿತಿಗಳು ನೋಡಿಕೊಳ್ಳಬೇಕು. ಅವನ್ನು ಮರದ ಬುಡಕ್ಕೆ ಹಾಸಿದರೆ ತೇವ ಉಳಿಯುತ್ತದೆ, ಕೊಳೆತರೆ ಗೊಬ್ಬರವಾಗುತ್ತದೆ. ನೀರಿಗೆ ಬರವಿರುವ ಸೀಮೆಯಲ್ಲಿ ಅದು ಕಳೆದುಕೊಳ್ಳುವ ವ್ಯಾಪಾರವಲ್ಲ. ಬಿಸಿಲಿಗೆ ಕೊರತೆಯಿಲ್ಲದ ಜಿಲ್ಲೆಯಲ್ಲಿ ಹಂಡೆಯ ನೀರನ್ನು ಸೂರ್ಯನೇ ಕಾಯಿಸಬಲ್ಲ. ಬೇಸಿಗೆಯಲ್ಲಿ ಗಣಿದಾರಿಯ ಊರುಗಳಲ್ಲಿ ಗಾಳಿಯನ್ನು ಅಳೆದು, ಆ ಅಂಕಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶ ಬಳಸಿಕೊಳ್ಳುವ ಬುದ್ಧಿವಾದವೆಂದಷ್ಟೇ ತಿಳಿದಿದ್ದೇವೆ. ಆದರೆ ಕಣದಲ್ಲಿ ಮೊರ ಎತ್ತುವವರು ಗಾಳಿ ಬಂತೇ ಎಂದು ಮಾತ್ರ ನೋಡುವುದಿಲ್ಲ, ಅದು ಹೋಗುವ ಕಡೆ ಮಕ್ಕಳು ಕೂತಿದ್ದಾರೆಯೇ ಎಂದೂ ನೋಡುತ್ತಾರೆ.