ಎಷ್ಟು ಜನರನ್ನು ಕೊಂದಿರಿ ಎಂದು ಕೇಳುವ ಮುನ್ನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ಯಾವ ಊರಿನ ಮೈದಾನಕ್ಕಾದರೂ ಬೆಳಗಿನ ಜಾವ ಹೋಗಿ ನೋಡಿ. ಸೇನಾ ಭರ್ತಿಗೆ ತಯಾರಾಗುತ್ತಿರುವ ಹುಡುಗರು ಸಿಗುತ್ತಾರೆ. 1,600 ಮೀಟರ್ ಓಟ, ಪುಲ್‌ಅಪ್ಸ್, 9 ಅಡಿ ಹಳ್ಳದ ಜಿಗಿತ. ಅವರಲ್ಲಿ ನನ್ನ ಜತೆ ಪಿಯುಸಿ ಓದಿದವರೂ ಇದ್ದಾರೆ. ನಾನು ಬಿಇ ಸೇರಿದೆ, ಅವರು ಅಗ್ನಿವೀರರಾಗಲು ಹೊರಟರು. ಸಿಕ್ಕಾಗ ಎತ್ತರ, ಎದೆಯಳತೆ, ಕಟ್‌ಆಫ್, ಸಂಬಳದ ಬಗ್ಗೆ ಮಾತಾಡುತ್ತೇವೆ. ಒಂದು ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಸೈನಿಕನಾದವನು ಒಂದು ದಿನ ಎದುರಿಗಿರುವ ಮನುಷ್ಯನನ್ನು ಕೊಲ್ಲಬೇಕಾಗಬಹುದು. ಆಮೇಲೆ ಆ ನೆನಪನ್ನು ಇಟ್ಟುಕೊಂಡೇ ಬದುಕಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ನಿವೃತ್ತ ಯೋಧರೊಬ್ಬರು ಅತಿಥಿಯಾಗಿ ಬಂದಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಸಾರ್, ನೀವು ಎಷ್ಟು ಜನರನ್ನ ಸಾಯಿಸಿದ್ದೀರಾ?’ ಎಂದು ಕೇಳಿದ. ಜೋರು ಚಪ್ಪಾಳೆ ಬಿತ್ತು. ಅವರು ನಗಲಿಲ್ಲ, ಗದರಲೂ ಇಲ್ಲ. ‘ಕೂತ್ಕೊಳ್ಳಪ್ಪಾ’ ಎಂದು ಹೇಳಿ, ಹಿಮದಲ್ಲಿ ಚಪಾತಿ ಕಲ್ಲಿನಂತಾಗುವ ಕಥೆಗೆ ಹೊರಳಿದರು.

ಯುದ್ಧದಿಂದ ಬಂದವರನ್ನು ಕಾಡುವ ಕೆಟ್ಟ ಕನಸು, ನಿದ್ದೆಗೇಡು, ಸಣ್ಣ ಸದ್ದಿಗೂ ಬೆಚ್ಚುವುದು ಇವುಗಳಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ ‘ಶೆಲ್ ಶಾಕ್’ ಎನ್ನುತ್ತಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇಂಥ ತೊಂದರೆಯನ್ನು ‘ಪಿಟಿಎಸ್‌ಡಿ’ ಎಂಬ ಹೆಸರಿನಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ನಾವು ಇದನ್ನು ಭಯದ ಕಾಯಿಲೆ ಎಂದುಕೊಳ್ಳುತ್ತೇವೆ. ‘ನಾನು ಸಾಯುತ್ತೇನೆ’ ಎಂಬ ಭಯ. ಆದರೆ ‘ನಾನು ಸಾಯಿಸಿದೆ’ ಎಂಬ ನೆನಪು ಬೇರೆಯೇ ಗಾಯ.

ಇರಾಕ್‌ನಿಂದ ಮರಳಿದ 2,797 ಅಮೆರಿಕನ್ ಸೈನಿಕರ ಬಗ್ಗೆ ಶಿರಾ ಮಗ್ವೆನ್ ಮತ್ತು ಸಂಗಡಿಗರು 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಾವು ಕೊಂದಿದ್ದೇವೆ ಅಥವಾ ಸಾವಿಗೆ ಕಾರಣರಾಗಿದ್ದೇವೆ ಎಂದವರು ಶೇ 40ರಷ್ಟಿದ್ದರು. ಯಾರು ಎಷ್ಟು ಕಾದಾಟ ಕಂಡಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಕೊಂದ ಅನುಭವಕ್ಕೂ ಪಿಟಿಎಸ್‌ಡಿ ಲಕ್ಷಣ, ಅತಿ ಕುಡಿತ, ಸಿಟ್ಟು, ಸಂಬಂಧಗಳ ಬಿರುಕಿಗೂ ನಂಟು ಕಂಡುಬಂತು. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ನೀಡಿದ ಜೊನಾಥನ್ ಶೇ ಎಂಬ ಮನೋವೈದ್ಯರು ‘ನೈತಿಕ ಗಾಯ’ ಎಂಬ ಮಾತನ್ನು ಬಳಕೆಗೆ ತಂದರು. ತಾನು ಸರಿ ಎಂದು ನಂಬಿದ್ದಕ್ಕೂ ತಾನು ಮಾಡಿದ್ದಕ್ಕೂ, ಇಲ್ಲವೇ ಕಣ್ಣಾರೆ ಕಂಡಿದ್ದಕ್ಕೂ ಹೊಂದಾಣಿಕೆ ತಪ್ಪಿದಾಗ ಆಗುವ ನೋವು ಅದು.

ನಮ್ಮ ಸಿಲಬಸ್‌ನಲ್ಲಿ ‘ಫಟೀಗ್’ ಎಂಬ ಪಾಠವಿದೆ. ಒಂದೇ ಏಟಿಗೆ ಮುರಿಯದ ಉಕ್ಕಿನ ಸರಳು, ಮೇಲಿಂದ ಮೇಲೆ ಬೀಳುವ ಸಣ್ಣ ಹೊರೆಗೆ ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ಹೊಳಪು ಹಾಗೇ ಇರುತ್ತದೆ. ಮನುಷ್ಯ ಉಕ್ಕಲ್ಲ ನಿಜ, ಆದರೆ ಇಸ್ತ್ರಿ ಮಾಡಿದ ಸಮವಸ್ತ್ರದ ಮೇಲೂ ಒಳಗಿನ ಬಿರುಕು ಕಾಣುವುದಿಲ್ಲ.

ಹಾಗೆಂದು ಯುದ್ಧ ಕಂಡವರೆಲ್ಲ ಕುಗ್ಗುತ್ತಾರೆ ಎಂದಲ್ಲ. ಬಹಳಷ್ಟು ಮಂದಿ ಸಂಸಾರ, ಹೊಲ, ಕೆಲಸ ನೋಡಿಕೊಂಡು ನೆಮ್ಮದಿಯಾಗಿದ್ದಾರೆ. ಕುಗ್ಗಿದವರು ಹೇಡಿಗಳೂ ಅಲ್ಲ. ಕರ್ತವ್ಯವೆಂದು ಮಾಡಿದ ಕೆಲಸವೂ ಮನಸ್ಸನ್ನು ಚುಚ್ಚಬಹುದು. ಚುಚ್ಚುತ್ತದೆ ಎಂದರೆ ಆ ಮನಸ್ಸು ಜೀವಂತವಾಗಿದೆ ಎಂದೇ ಅರ್ಥ.

ಇದು ಹೊರದೇಶದವರ ಸಮಸ್ಯೆ ಎನ್ನುವವರು ನಮ್ಮ ಸುತ್ತಲಿನ ಕಲ್ಲುಗಳನ್ನೇ ನೋಡಬಹುದು. ನಮ್ಮ ಜಿಲ್ಲೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಇವು ಹೋರಾಡಿ ಮಡಿದವನಿಗೆ ನಿಲ್ಲಿಸಿದ ಕಲ್ಲುಗಳು. ಕೊಂದು, ಬದುಕಿ, ಮನೆಗೆ ಬಂದು ರಾತ್ರಿಯೆಲ್ಲ ಎದ್ದು ಕೂತವನಿಗೆ ಅಲ್ಲಿ ಜಾಗವಿಲ್ಲ.

ಆದರೆ ಅವನಿಗೆ ಹತ್ತಿರವಾದ ಇನ್ನೊಂದು ಕಲ್ಲು ನಮ್ಮಲ್ಲಿದೆ. ಕೋಲಾರ, ಅಂದರೆ ಅಂದಿನ ಕುವಲಾಲ, ಗಂಗರ ಮೊದಲ ರಾಜಧಾನಿ. ಅದೇ ಗಂಗರ ಸೇನಾಪತಿ ಚಾವುಂಡರಾಯ ಹಲವು ಯುದ್ಧ ಗೆದ್ದವನು. ‘ವೀರಮಾರ್ತಂಡ’, ‘ಸಮರಪರಶುರಾಮ’ ಎಂಬ ಬಿರುದುಗಳೆಲ್ಲ ಅವನಿಗೆ ರಣರಂಗದಲ್ಲಿ ಬಂದವು. ಆದರೆ ಅವನು 10ನೇ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಬಾಹುಬಲಿಯನ್ನು. ಸೈನಿಕರ ರಕ್ತ ಹರಿಯಬಾರದೆಂದು ಅಣ್ಣನೊಡನೆ ಒಬ್ಬನೇ ಸೆಣಸಿ, ಗೆದ್ದ ಗಳಿಗೆಯಲ್ಲೇ ಗೆಲುವಿನ ಬಗ್ಗೆ ಜಿಗುಪ್ಸೆಪಟ್ಟು ಎಲ್ಲವನ್ನೂ ಬಿಟ್ಟು ನಡೆದವನು ಬಾಹುಬಲಿ. ಕತ್ತಿ ಹಿಡಿದ ಸೇನಾಪತಿಯೇ ಕತ್ತಿಯಿಲ್ಲದ ವೀರನ ಮೂರ್ತಿ ನಿಲ್ಲಿಸಿದ. ಗೆದ್ದವನಿಗೂ ಗೆಲುವು ಕಹಿಯಾಗಬಹುದು ಎಂಬುದನ್ನು ನಮ್ಮ ನಾಡು ಸಾವಿರ ವರ್ಷದಿಂದ ತಲೆಯೆತ್ತಿ ನೋಡುತ್ತಲೇ ಇದೆ.

ಗೆಳೆಯರೇ, ಈ ಮಾತು ನಮ್ಮ ವಯಸ್ಸಿನವರಿಗೆ ಈಗ ಯಾಕೆ ಬೇಕು? 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಪ್ರತಿ ತಂಡದಲ್ಲಿ ಶೇ 25ರವರೆಗಿನವರನ್ನು ಸೇನೆ ಮುಂದುವರಿಸುತ್ತದೆ. ಉಳಿದವರು ಚಿಕ್ಕ ವಯಸ್ಸಿನಲ್ಲೇ ಊರಿಗೆ ಮರಳಿ, ಕೆಲಸದ ಸಂದರ್ಶನದ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ಕೂರುತ್ತಾರೆ. ಎಲ್ಲರೂ ಕಾದಾಟ ಕಂಡಿರುವುದಿಲ್ಲ. ಕಂಡವನು ಹೇಳಿಕೊಳ್ಳುವುದೂ ಇಲ್ಲ. ಅವನು ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂತರೆ, ದೀಪಾವಳಿ ಪಟಾಕಿಗೆ ಬಾಗಿಲು ಹಾಕಿಕೊಂಡರೆ, ಕುಡಿತ ಹೆಚ್ಚಿದರೆ, ‘ಮಿಲಿಟರಿ ಧಿಮಾಕು’ ಎಂದು ಬಿಡಬಾರದು.

ಆಗ ಮಾಡಬೇಕಾದ್ದು ದೊಡ್ಡದೇನಲ್ಲ. ಲೆಕ್ಕ ಕೇಳುವ ಬದಲು ‘ನಿದ್ದೆ ಬರ್ತಿದೆಯೇನೋ?’ ಎಂದು ಕೇಳಿ. ಅವನು ಹೇಳಿದರೆ ನಡುವೆ ಬಾಯಿ ಹಾಕಬೇಡಿ. ‘ದೇಶಕ್ಕಾಗಿ ಮಾಡಿದ್ದು, ಮರೆತುಬಿಡು’ ಎಂದು ಅಲ್ಲಿಗೇ ಮುಗಿಸಬೇಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿಯೇ ಇದರ ವಿಶೇಷ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಶುರುವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ಒಂದೆರಡು ಗಂಟೆಯ ದಾರಿ. ಒಬ್ಬನೇ ಹೋಗಲು ಅವನು ಹಿಂಜರಿದರೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ನಾವು ಕೂರಬಹುದು.

ಭರ್ತಿಗೆ ಓಡುವ ಗೆಳೆಯನಿಗೆ ಶೂ ಕೊಡಿಸುತ್ತೇವೆ, ಆಯ್ಕೆಯಾದರೆ ಹಾರ ಹಾಕಿ ರೈಲು ಹತ್ತಿಸುತ್ತೇವೆ. ಅವನು ಮರಳಿ ಬಂದ ದಿನ ಹಾರ ಬಾಡಿದ ಮೇಲೂ ಜತೆಗಿರೋಣ.